ಕೂಡದ್ದನ್ನು ಕೂಡಿಸುವ ಶಹಾಪುರದ ಮಿಸ್ತ್ರಿ

ಸಿಲಿಂಡರಿಗೂ ಅದರ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೊಸದೇ ಆದರೂ, ಪೊಟ್ಟಣದಿಂದ ತೆಗೆದು ಅದನ್ನು ಈ ಮಿಸ್ತ್ರಿ ನೇರವಾಗಿ ಇಂಜಿನ್ನಿಗೆ ಇಡುವುದಿಲ್ಲ. ಅಂಗಡಿಯಿಂದ ಹೊರಗೆ ಬಂದು, ಅದನ್ನು ಬಿಸಿಲಿಗೆ ಎತ್ತಿ ಹಿಡಿದು ಒಂದೊಂದೇ ತೂತು ನೋಡುತ್ತಾರೆ. ಆಮೇಲೆ ಬಿಚ್ಚಿಟ್ಟ ಸಿಲಿಂಡರ್ ಹೆಡ್ಡಿನ ಮುಖಕ್ಕೆ ಸುಟ್ಟ ಆಯಿಲ್ ತೆಳ್ಳಗೆ ಸವರಿ, ಯಾರದೋ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಅದರ ಮೇಲೆ ಅಂಗೈಯಿಂದ ಒತ್ತುತ್ತಾರೆ. ಎತ್ತಿದರೆ ಕಾಗದದ ಬೆನ್ನಿಗೆ ಕರಿ ಅಚ್ಚು ಮೂಡಿರುತ್ತದೆ: ನಡುವೆ ದೊಡ್ಡ ಸುತ್ತು, ಅದರಾಚೆ ಸ್ಟಡ್ಡುಗಳ ಜಾಗ, ಅವುಗಳ ಸಂದಿಯಲ್ಲಿ ನೀರು ಹಾಯುವ ಸಣ್ಣ ಸಣ್ಣ ಕಿಂಡಿಗಳು. ಅದರ ಮೇಲೆ ಗ್ಯಾಸ್ಕೆಟ್ ಇಟ್ಟರೆ ಯಾರಿಗಾದರೂ ತಿಳಿಯುತ್ತದೆ. ಎರಡು ಕಿಂಡಿ ಕೂಡಿವೆ, ಒಂದರ ಬಾಯಿ ಅರ್ಧ ಮುಚ್ಚಿದೆ, ಇನ್ನೊಂದು ಇರಬೇಕಾದ ಕಡೆ ತೂತೇ ಇಲ್ಲ.

“ಪಾಕೀಟು ಛಲೋ ಅದ ನೋಡ್ರಿ, ಬಣ್ಣಾನೂ ಛಲೋ ಅದ. ನೀರಿಗಿ ದಾರಿ ಒಂದು ಇಟ್ಟಿಲ್ಲ” ಎಂದು ನಗುತ್ತಾರೆ.

ಶಹಾಪುರದಲ್ಲಿ ಇವರದು ಒಂದು ತಗಡಿನ ಶೆಡ್ಡು. ಹೆಸರು ಹಾಕಬಾರದೆಂದು ಷರತ್ತು. ಕಾರಣವನ್ನೂ ಅವರೇ ಹೇಳಿದರು: “ಡುಪ್ಲಿಕೇಟ್ ಸಾಮಾನು ಮಾರೋರೆಲ್ಲ ನನ್ನ ದೋಸ್ತರೇ ಇದ್ದಾರ್ರಿ. ನಾಳಿ ಚಾ ಕುಡಿಯಾಕ ಕರೀದಿದ್ರ ಹೆಂಗ?” ನದಿದಂಡೆಯ ಡೀಸೆಲ್ ಪಂಪ್‌ಸೆಟ್‌ಗಳು ಕಾದು ಜಾಮ್ ಆದರೆ ಬರುವುದು ಇಲ್ಲಿಗೆ. ಕೃಷ್ಣೆಯ ಕಡೆಯಿಂದ ಕೊಳ್ಳೂರು (ಎಂ), ಭೀಮೆಯ ಕಡೆಯಿಂದ ಹುರಸಗುಂಡಗಿ, ಹೀಗೆ ಎರಡು ಹೊಳೆಗಳ ಇಂಜಿನ್ನುಗಳು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಮಲಗಿ ಬರುತ್ತವೆ. ನಾನು ಹೋದದ್ದು ಪ್ರವಾಹಕಾಲದ ಬೋಟುಗಳ ಬಗ್ಗೆ ವಿಚಾರಿಸಲು. ಕೂತದ್ದು ಗ್ಯಾಸ್ಕೆಟ್ಟಿನ ಮುಂದೆ.

ಡೀಸೆಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಮಾತ್ರ ಪಂಪು ತಿರುಗಿಸುತ್ತದೆ. ಇನ್ನೊಂದು ಪಾಲು ಹೊಗೆಯಲ್ಲಿ ಹೋಗುತ್ತದೆ. ಉಳಿದದ್ದನ್ನು ನೀರು ಹೊತ್ತೊಯ್ಯಬೇಕು. ಕಾರಿನಲ್ಲಾದರೆ ರೇಡಿಯೇಟರ್ ಇದೆ. ಹೊಳೆದಂಡೆಯ ಇಂಜಿನ್ನಿಗೆ ಹೊಳೆಯೇ ರೇಡಿಯೇಟರ್. ಪಂಪಿನ ಡೆಲಿವರಿ ಪೈಪಿಗೆ ಸಣ್ಣ ಕೊಳವೆಯೊಂದನ್ನು ಕೂಡಿಸಿ ಸಿಲಿಂಡರಿನ ಬುಡಕ್ಕೆ ಕೊಡುತ್ತಾರೆ. ನೀರು ಸಿಲಿಂಡರಿನ ಒಳಕೊಳವೆಯಾದ ಲೈನರಿನ ಸುತ್ತ ಏರಿ, ಗ್ಯಾಸ್ಕೆಟ್ಟಿನ ತೂತುಗಳ ಮೂಲಕ ಹೆಡ್ಡಿಗೆ ಹಾಯ್ದು, ಮೇಲಿನ ಬಾಯಿಂದ ಹೊಲದ ಕಾಲುವೆಗೆ ಬೀಳುತ್ತದೆ. ಗಡಿಯಾರವಿಲ್ಲ, ಮೀಟರಿಲ್ಲ. ಬೀಳುವ ಆ ನೀರಿಗೆ ಕೈಯೊಡ್ಡುವುದೇ ಪರೀಕ್ಷೆ. “ಕೈ ತಡೀಬೇಕು, ಆದ್ರ ಸುಖ ಅನಿಸಬಾರ್ದು” ಎನ್ನುತ್ತಾರೆ ಮಿಸ್ತ್ರಿ. ನೀರು ತಣ್ಣಗೆ ಬಂದಷ್ಟೂ ಒಳ್ಳೆಯದೆಂದು ರೈತರು ಕೊಳವೆಯ ವಾಲ್ವನ್ನು ಪೂರ್ತಿ ತೆರೆದಿಡುತ್ತಾರೆ. ಅದೂ ಕೇಡೇ. ತೀರ ತಣ್ಣಗಿರುವ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉರಿಯದ ಎಣ್ಣೆ ಕೆಳಗಿಳಿದು ಆಯಿಲ್ ತೆಳುವಾಗಿ ಲೈನರ್, ರಿಂಗು ಬೇಗ ಸವೆಯುತ್ತವೆ.

ಇನ್ನು ಗ್ಯಾಸ್ಕೆಟ್ಟಿಗೆ ತೂತು ಕೊರೆಯುವ ಕೆಲಸ. ಮುಚ್ಚಿದ್ದನ್ನೆಲ್ಲ ಬಿಚ್ಚಿದರಾಯಿತು ಎಂದುಕೊಂಡಿದ್ದವನಿಗೆ ಅಲ್ಲಿ ಒಂದು ಪಾಠವೇ ಕಾದಿತ್ತು. ಕಂಪನಿಯ ಗ್ಯಾಸ್ಕೆಟ್ಟಿನಲ್ಲಿ ಒಂದು ತೂತು ದೊಡ್ಡದು, ಒಂದು ಚಿಕ್ಕದು ಇದ್ದರೆ ಅದು ಕೈತಪ್ಪಲ್ಲ. ನೀರು ಸಲೀಸಾದ ದಾರಿಯನ್ನೇ ಹಿಡಿಯುತ್ತದೆ. ಎಲ್ಲ ತೂತುಗಳನ್ನೂ ಅಗಲ ಮಾಡಿದರೆ ಅದು ಹತ್ತಿರದ ಬಾಯಿಂದ ಏರಿ ಹೊರಗೆ ಬಿದ್ದುಬಿಡುತ್ತದೆ; ಹೊಗೆ ಹೊರಡುವ ವಾಲ್ವಿನ ಬದಿ, ಎಲ್ಲಕ್ಕಿಂತ ಹೆಚ್ಚು ಕಾಯುವ ಜಾಗ, ಒಣಗಿ ಕೂರುತ್ತದೆ. ಎರಡು ವಾಲ್ವುಗಳ ನಡುವಿನ ಸಣ್ಣ ಎರಕದ ಸೇತುವೆ ಮೊದಲು ಸೀಳುವುದು ಅದಕ್ಕೇ. ಹಾಗಾಗಿ ಮಿಸ್ತ್ರಿಯ ಬಳಿ ಬೇರೆ ಬೇರೆ ಅಳತೆಯ ಪಂಚುಗಳಿವೆ. ಗೋಡೆಗೆ ತಂತಿಯಲ್ಲಿ ಪೋಣಿಸಿ ನೇತುಹಾಕಿದ ತಗಡಿನ ಅಚ್ಚುಗಳಿವೆ. ಕಂಪನಿ ಮಾಲು ಸಿಕ್ಕಾಗಲೆಲ್ಲ ಅದರ ಅಚ್ಚು ತೆಗೆದಿಟ್ಟುಕೊಂಡದ್ದು. ಲೋಕಲ್ ಗ್ಯಾಸ್ಕೆಟ್ಟನ್ನು ಆ ತಗಡಿನಡಿ ಇಟ್ಟು, ಮರದ ದಿಮ್ಮಿಯ ಮೇಲೆ, ಒಂದೇ ಪೆಟ್ಟಿಗೆ ತೂತು. ಎರಡನೇ ಪೆಟ್ಟು ಬಿದ್ದರೆ ಅಂಚು ಬಿರಿದು, ಅಲ್ಲಿಂದಲೇ ನೀರು ಸಿಲಿಂಡರಿಗೆ ಇಳಿಯುತ್ತದಂತೆ. ನಡುಸುತ್ತಿನ ತಗಡಿನ ಉಂಗುರಕ್ಕೆ ತೀರ ಹತ್ತಿರ ತೂತು ಬೇಕಾದರೆ ಆ ಗ್ಯಾಸ್ಕೆಟ್ಟನ್ನೇ ವಾಪಸು ಕಳಿಸುತ್ತಾರೆ.

ಅಷ್ಟಕ್ಕೆ ಮುಗಿಯುವುದಿಲ್ಲ. ಗ್ಯಾಸ್ಕೆಟ್ಟಿನ ದಪ್ಪ ಹೆಚ್ಚುಕಡಿಮೆಯಾದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದು ಬದಲಾಗುತ್ತದೆ. ಪಿಸ್ಟನ್ನಿನ ತಲೆಯ ಮೇಲೆ ಸೀಸದ ತಂತಿಯ ತುಂಡಿಟ್ಟು, ಹೆಡ್ಡು ಬಿಗಿದು, ಫ್ಲೈವೀಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯ ದಪ್ಪ ಅಳೆಯುತ್ತಾರೆ. ಇಷ್ಟು ಮಾಡಿ ತೆಗೆದುಕೊಳ್ಳುವ ಕೂಲಿ ಕೇಳಿದರೆ ನಾಚಿಕೆಯಾಗುತ್ತದೆ.

ಲೈನರಿನ ಕಥೆ ಬೇರೆ. ಅದರ ಬುಡಕ್ಕೆ ರಬ್ಬರಿನ ಉಂಗುರಗಳಿರುತ್ತವೆ. ಅವು ತೆಳುವಿದ್ದರೆ ನೀರು ಕೆಳಗಿಳಿದು ಆಯಿಲು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ. ದಪ್ಪವಿದ್ದರೆ ಲೈನರಿನ ಗುಂಡಗಿನ ಮೈ ಕಣ್ಣಿಗೆ ಕಾಣದಷ್ಟು ಅಮುಕಿಹೋಗಿ, ಪಿಸ್ಟನ್ ಅಲ್ಲೇ ಹಿಡಿಯುತ್ತದೆ. ಆಗ ಎಲ್ಲರೂ ನೀರಿನ ದೋಷವೆಂದು ಕೊಳವೆ ಊದುತ್ತಾ ಕೂರುತ್ತಾರೆ.

ನೀರಿನದೂ ದೋಷ ಇಲ್ಲದಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಬರುವ ಗೋಡು ಲೈನರಿನ ಸುತ್ತ ಕೂತು ಗಟ್ಟಿಯಾಗುತ್ತದೆ. ಕೊಳವೆಬಾವಿಯ ಗಡಸು ನೀರು ಕೊಟ್ಟರೆ ಸುಣ್ಣದ ಪೊರೆ ಕಟ್ಟುತ್ತದೆ. ಭೀಮೆಯ ಆಸುಪಾಸಿನ ನೆಲದಲ್ಲಿ ಸುಣ್ಣಗಲ್ಲಿಗೆ ಬರವೇ? ಶಹಾಬಾದಿನ ಪರಸಿಯೂ ವಾಡಿಯ ಸಿಮೆಂಟೂ ಆ ಕಲ್ಲಿನಿಂದಲೇ ಬಂದವು.

ಈ ಇಂಜಿನ್ನುಗಳು ಇಲ್ಲಿಗೆ ಬಂದ ಬಗೆ ಮಿಸ್ತ್ರಿಯ ಉಸ್ತಾದರು ಹೇಳಿದ್ದಂತೆ: ಮೊದಲು ನಿಧಾನಕ್ಕೆ ಕುಟ್ಟುವ ದೊಡ್ಡ ಫ್ಲೈವೀಲಿನ ಲಿಸ್ಟರ್, ಆಮೇಲೆ ಪೀಟರ್, ಆಮೇಲೆ ಕಿರ್ಲೋಸ್ಕರ್. ಮೂಲ ಲಿಸ್ಟರ್ ಇಂಗ್ಲೆಂಡಿನ ಡರ್ಸ್ಲಿಯದು, ನಿಮಿಷಕ್ಕೆ ಸುಮಾರು 650 ಸುತ್ತು. ಅದರ ನಕಲುಗಳನ್ನು ಗುಜರಾತಿನ ರಾಜಕೋಟದ ಕಾರ್ಖಾನೆಗಳು ಹೇರಳವಾಗಿ ಎರಕ ಹೊಯ್ದವು. ಕಿರ್ಲೋಸ್ಕರ್ ಮಾತ್ರ ನಮ್ಮ ಕಡೆಯ ನಂಟಿನದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಬೆಳಗಾವಿಯಲ್ಲಿ. 1910ರಲ್ಲಿ ಅವರ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು. ಆಯಿಲ್ ಇಂಜಿನ್ ಕಂಪನಿ ಪುಣೆಯಲ್ಲಿ ಹುಟ್ಟಿದ್ದು 1946ರಲ್ಲಿ. ಐದು ಎಚ್‌ಪಿಯ ಎವಿ1 ಇಂಜಿನ್ನಿನ ಬೋರು 80 ಮಿಲಿಮೀಟರ್, ಸ್ಟ್ರೋಕು 110, ನಿಮಿಷಕ್ಕೆ 1500 ಸುತ್ತು. ಮಿಸ್ತ್ರಿಗೆ ಈ ಅಳತೆಗಳು ಮಗ್ಗಿಯಷ್ಟು ಬಾಯಿಪಾಠ. 1982ರಲ್ಲಿ ನಾರಾಯಣಪುರದ ಬಸವಸಾಗರ ಮುಗಿದು, ಎಡದಂಡೆ ಕಾಲುವೆಯ ಶಹಾಪುರ ಶಾಖೆಯಲ್ಲಿ ನೀರು ಹರಿದ ಮೇಲೆ ಇಂಜಿನ್ನಿನ ಕಾಲ ಮುಗಿಯಿತೆಂದು ಉಸ್ತಾದರು ತಿಳಿದಿದ್ದರಂತೆ. ಆದದ್ದು ಬೇರೆ. ಕಾಲುವೆ ಮುಟ್ಟದ ಎತ್ತರದ ಹೊಲಗಳಿಗೆ, ನೀರು ತಲುಪದ ಕೊನೆಯಂಚಿನವರಿಗೆ ಇಂಜಿನ್ನೇ ಗತಿಯಾಯಿತು. ಕಾಲುವೆಗೇ ಪಂಪು ಇಳಿಸಿದವರೂ ಉಂಟು. ಆ ಮಾತು ಬಂದಾಗ ಮಿಸ್ತ್ರಿ ಸ್ಪ್ಯಾನರ್ ಹುಡುಕತೊಡಗಿದರು.

ಬೋಟಿನ ವಿಷಯ ಕೇಳಿದ್ದೆನಲ್ಲ. ಇಲ್ಲಿಯ ಕೃಷ್ಣೆಯಲ್ಲಿ ದಿನನಿತ್ಯ ದಾಟಿಸುತ್ತಿದ್ದದ್ದು ಹರಿಗೋಲು. ನಡುಗಡ್ಡೆ ನೀಲಕಂಠರಾಯನಗಡ್ಡಿಯ ಜನ ಬಹುಕಾಲ ಅದನ್ನೇ ನಂಬಿದ್ದವರು. ಮೋಟಾರು ಬೋಟು ಕಾಣಿಸುವುದು 2019ರ ಆಗಸ್ಟಿನ ಕೃಷ್ಣೆಯಂತೆ, 2020ರ ಅಕ್ಟೋಬರಿನ ಭೀಮೆಯಂತೆ ಹೊಳೆ ಊರೊಳಗೆ ಬಂದಾಗ. ಅಂಥದೊಂದು ವರ್ಷ ಔಟ್‌ಬೋರ್ಡ್ ಮೋಟಾರೊಂದು ಇವರ ಶೆಡ್ಡಿಗೂ ಬಂದಿತ್ತಂತೆ. ಅದರಲ್ಲೂ ಹೊಳೆಯ ನೀರೇ ಇಂಜಿನ್ನನ್ನು ತಂಪಾಗಿಡುತ್ತದೆ. ಎಳೆಯುವುದು ರಬ್ಬರಿನ ರೆಕ್ಕೆಗಳ ಪುಟ್ಟ ಇಂಪೆಲ್ಲರ್. ಹಿಂಬದಿಯ ತೂತಿನಿಂದ ಸಣ್ಣ ಧಾರೆ ಚಿಮ್ಮುತ್ತಿದ್ದರೆ ಎಲ್ಲ ಸರಿ. ಆ ಮೋಟಾರಿನ ಧಾರೆ ಸೊರಗಿತ್ತು. ಯಾರೋ ಬೇರೆ ಅಳತೆಯ ಇಂಪೆಲ್ಲರ್ ತಂದು, ರೆಕ್ಕೆ ಕತ್ತರಿಸಿ ಕೂಡಿಸಿಕೊಡಿ ಎಂದರು. ಗ್ಯಾಸ್ಕೆಟ್ಟಿಗೆ ದಿನವೂ ತೂತು ಹೊಡೆಯುವ ಈ ಮನುಷ್ಯ ಒಪ್ಪಲಿಲ್ಲ.

“ದಂಡಿ ಮ್ಯಾಲಿನ ಇಂಜಿನ್ ನಿಂತ್ರ ಒಂದ್ ಮಡಿ ಒಣಗ್ತದ್ರಿ. ನಡುಹೊಳಿಯಾಗ ನಿಂತ್ರ?”

ಮಲ್ಪೆಯ ಬಂದರಿನಲ್ಲಿ ಇದೇ ವಿದ್ಯೆ ಬೇರೆ ರೂಪದಲ್ಲಿದೆ. ಅಲ್ಲಿ ಲಾರಿಯ ಇಂಜಿನ್ನುಗಳನ್ನು ದೋಣಿಗೆ ಒಗ್ಗಿಸುವಾಗ ರೇಡಿಯೇಟರ್ ತೆಗೆದು, ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಸಮುದ್ರದ ನೀರು ಹರಿಯುವ ಹೀಟ್ ಎಕ್ಸ್‌ಚೇಂಜರ್ ಕೂರಿಸುತ್ತಾರೆ. ಉಪ್ಪುನೀರು ಎರಕವನ್ನು ತಿನ್ನುವುದರಿಂದ ಅದನ್ನು ಇಂಜಿನ್ನಿನ ಮೈಗೆ ಮುಟ್ಟಿಸುವುದಿಲ್ಲ.

ಇತ್ತ ಶಹಾಪುರದ ಕಡೆ ಹೊಳೆ ಏರುವ ಸುದ್ದಿ ಬಂದ ರಾತ್ರಿ ಇಂಜಿನ್ ಎತ್ತಿಕೊಳ್ಳಲಾಗದವರ ಪಂಪ್‌ಸೆಟ್ಟುಗಳು ಮುಳುಗುತ್ತವೆ. ನೀರಿಳಿದ ಮೇಲೆ ರೈತರು ಮಾಡುವ ಮೊದಲ ಕೆಲಸ ಹ್ಯಾಂಡಲ್ ಹೊಡೆಯುವುದು. ಸಿಲಿಂಡರಿನೊಳಗೆ ನಿಂತ ನೀರು ಒತ್ತಿದರೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಝಲ್ ಬಿಚ್ಚಿ, ಆಯಿಲ್ ಸೋರಿಸಿ, ಕೈಯಿಂದ ತಿರುಗಿಸಿ ನೀರು ಹೊರಹಾಕಿ ಎಂದು ಮಿಸ್ತ್ರಿ ಪ್ರತಿ ಮಹಾಪೂರದಲ್ಲೂ ಫೋನಿನಲ್ಲಿ ಕೂಗುತ್ತಾರೆ. ಆದರೂ ಬಾಗಿದ ರಾಡುಗಳು ಬರುತ್ತವೆ.

ಈಗ ಶೆಡ್ಡಿಗೆ ಇಂಜಿನ್ನುಗಳು ಬರುವುದೂ ಕಡಿಮೆ. ಕರೆಂಟಿನ ಮೋಟಾರು ಬಂದಿದೆ, ಸೌರ ಪಂಪಿಗೆ ಸಹಾಯಧನವಿದೆ, ಒಬ್ಬನೇ ಹೊತ್ತೊಯ್ಯಬಲ್ಲ ಹಗುರ ಪೆಟ್ರೋಲ್ ಪಂಪುಗಳಿವೆ. ಕೆಟ್ಟರೆ ಎಸೆದು ಹೊಸದು ತರುವಂಥವು. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಡೀಸೆಲ್ಲಿನ ದರಕ್ಕೆ ರೈತನಾದರೂ ಏನು ಮಾಡಿಯಾನು. ಆದರೆ ಗುಣಮಟ್ಟದ ಗ್ಯಾಸ್ಕೆಟ್ಟೊಂದು ತಾಲ್ಲೂಕು ಪೇಟೆಯಲ್ಲಿ ಸುಲಭಕ್ಕೆ ಸಿಗುವಂತಿದ್ದರೆ ಎಷ್ಟೋ ಇಂಜಿನ್ನುಗಳು ಇನ್ನಷ್ಟು ವರ್ಷ ಬಾಳುತ್ತಿದ್ದವು. ಶೆಡ್ಡಿನಲ್ಲಿ ಕೆಲಸ ಕಲಿತ ಇಬ್ಬರು ಹುಡುಗರು ಬೈಕ್ ಸರ್ವಿಸಿಗೆ ಹೋದರು. ಹಳೆ ಎರಕದ ಇಂಜಿನ್ನುಗಳು ಕೇಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ.

ಒಡೆಯುವ ಮುಂಚೆ ಗುಜರಿಯವನು ಮಿಸ್ತ್ರಿಗೆ ಫೋನು ಮಾಡುತ್ತಾನೆ. ಇವರು ಹೋಗಿ ಬಿರುಕಿಲ್ಲದ ಹೆಡ್ಡು ಆರಿಸಿ ಕಬ್ಬಿಣದ ದರಕ್ಕೆ ತರುತ್ತಾರೆ. ಹೊಸ ಲೋಕಲ್ ಹೆಡ್ಡಿಗಿಂತ ಹಳೆ ಕಂಪನಿ ಹೆಡ್ಡೇ ಮೇಲೆಂಬುದು ಅವರ ಮಾತು. ಹಾಗೆ ತಂದ ಹೆಡ್ಡುಗಳು ಮೂಲೆಯಲ್ಲಿ ಆಳೆತ್ತರ ಪೇರಿಕೊಂಡಿವೆ. ಯಾರಿಗೆ ಇಷ್ಟೆಲ್ಲ ಎಂದು ಕೇಳಿದೆ.

“ಈ ವರ್ಷ ಒಂದು ಹೋಗ್ಯದ್ರಿ” ಎಂದರು.