ಚಂದಾ ಕಟ್ಟಿ ಬೆಂಕಿಗಿಳಿಯುವವರು

ನಮ್ಮಲ್ಲಿ ಅಗ್ನಿಶಾಮಕ ದಳವೆಂದರೆ ಸರ್ಕಾರಿ ಇಲಾಖೆ. ದಕ್ಷಿಣ ಅಮೆರಿಕದ ಚಿಲಿಯಲ್ಲಿ ಹಾಗಲ್ಲ. ಅಲ್ಲಿ ಬೆಂಕಿ ನಂದಿಸುವವರಿಗೆ ಸಂಬಳವಿಲ್ಲ. ಮೇಲಾಗಿ ದಳದಲ್ಲಿ ಉಳಿಯಲು ಅವರೇ ಚಂದಾ ಕಟ್ಟುತ್ತಾರೆ. ವಕೀಲರು, ಬಡಗಿಗಳು, ಅಂಗಡಿಯವರು, ಕಾಲೇಜು ಹುಡುಗರು ಹೀಗೆ ಸುಮಾರು 50,000 ಮಂದಿ ಕರೆ ಬಂದೊಡನೆ ಇದ್ದ ಕೆಲಸ ಬಿಟ್ಟು ಓಡುತ್ತಾರೆ.

ಇದು ಶುರುವಾದದ್ದು ವಾಲ್ಪರೈಸೊ ಬಂದರಿನಲ್ಲಿ. ಪನಾಮಾ ಕಾಲುವೆ ಇಲ್ಲದ ಆ ಕಾಲದಲ್ಲಿ ಖಂಡದ ದಕ್ಷಿಣ ತುದಿ ಸುತ್ತಿ ಬರುವ ಹಡಗುಗಳು ಇಲ್ಲಿ ತಂಗುತ್ತಿದ್ದವು. ಯುರೋಪಿನ ವರ್ತಕರು ಇಲ್ಲೇ ನೆಲೆಯೂರಿದ್ದರು. 1850ರ ಡಿಸೆಂಬರ್‌ನಲ್ಲಿ ಪೇಟೆಗೆ ಬೆಂಕಿ ಬಿತ್ತು. ಮರುವರ್ಷ ಜೂನ್ 30ರಂದು ಊರಿನವರೇ ಸೇರಿ ದಳ ಕಟ್ಟಿದರು. ಜರ್ಮನ್ನರು, ಫ್ರೆಂಚರು, ಇಟಲಿಯವರು, ಸ್ಪೇನಿನವರು ತಮ್ಮತಮ್ಮ ತುಕಡಿ ಮಾಡಿಕೊಂಡರು. ಆ ಹೆಸರುಗಳು ಇಂದಿಗೂ ಠಾಣೆಗಳ ಹಣೆಯ ಮೇಲಿವೆ.

ರಾಜಧಾನಿ ಸಾಂಟಿಯಾಗೊ ಕಣ್ಣು ತೆರೆದದ್ದು ಮಾತ್ರ ದೊಡ್ಡ ಬೆಲೆ ತೆತ್ತು. 1863ರ ಡಿಸೆಂಬರ್ 8, ಮೇರಿಮಾತೆಯ ಹಬ್ಬದ ಸಂಜೆ. ಕಿಕ್ಕಿರಿದಿದ್ದ ಇಗರ್ಜಿಯೊಂದರಲ್ಲಿ ದೀಪದ ಕಿಡಿ ಅಲಂಕಾರಕ್ಕೆ ತಗುಲಿತು. ಅಗಲ ಲಂಗದ ಹೆಂಗಸರು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ದಾರಿಯೇ ಕಟ್ಟಿಹೋಯಿತು. ಸತ್ತವರು ಸುಮಾರು 2,000. ಅವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಕೆಲವೇ ದಿನಗಳಲ್ಲಿ ಹೊಸೆ ಲೂಯಿಸ್ ಕ್ಲಾರೊ ಎಂಬಾತ ಪತ್ರಿಕೆಯಲ್ಲಿ ಪುಟ್ಟ ಪ್ರಕಟಣೆ ಕೊಟ್ಟು ಯುವಕರನ್ನು ಕರೆದ. ಡಿಸೆಂಬರ್ 20ಕ್ಕೆ ಅಲ್ಲೂ ದಳ ಹುಟ್ಟಿತು.

ಇಂದಿನ ಠಾಣೆಯೊಳಗೆ ಹೊಕ್ಕರೆ ವ್ಯವಸ್ಥೆಯ ಗುಟ್ಟು ತಿಳಿಯುತ್ತದೆ. ನಾಯಕನನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ರಾತ್ರಿಪಾಳಿಯ ಕೋಣೆಯಲ್ಲಿ ಸಾಲು ಮಂಚಗಳು. ಪರವೂರಿನಿಂದ ಓದಲು ಬಂದ ಹುಡುಗರೂ ಅಲ್ಲಿ ಮಲಗುತ್ತಾರೆ. ಹುಡುಗನಿಗೆ ತಂಗಲು ಜಾಗ, ಠಾಣೆಗೆ ನಡುರಾತ್ರಿಯ ಕರೆಗೆ ಏಳುವ ಕೈ. ಅಪ್ಪನ ತುಕಡಿಗೇ ಮಗ ಸೇರುವುದೂ ಸಾಮಾನ್ಯ. ಸದಸ್ಯನೊಬ್ಬ ತೀರಿಕೊಂಡರೆ ರಾತ್ರಿ ಹೊತ್ತು, ಪಂಜುಗಳ ಬೆಳಕಿನಲ್ಲಿ ಅಂತಿಮಯಾತ್ರೆ.

ವಾಲ್ಪರೈಸೊದಲ್ಲಿ ಕೆಲಸ ಸುಲಭದ್ದಲ್ಲ. ಗುಡ್ಡದ ಮೇಲೆ ಗುಡ್ಡ. ತಗಡು ಹೊದ್ದ ಮರದ ಮನೆಗಳು. ವಾಹನ ಹತ್ತದ ಓಣಿ, ಮೆಟ್ಟಿಲು. ಪೈಪು ಹೆಗಲ ಮೇಲೇ ಏರಬೇಕು. 2014ರ ಏಪ್ರಿಲ್‌ನಲ್ಲಿ ಗಾಳಿ ಬೆಂಕಿಯನ್ನು ಗುಡ್ಡದಿಂದ ಗುಡ್ಡಕ್ಕೆ ದಾಟಿಸಿತು: 15 ಸಾವು, ಸುಮಾರು 2,900 ಮನೆ ಬೂದಿ. 1953ರ ಹೊಸ ವರ್ಷದ ಮೊದಲ ದಿನವಂತೂ ದಳ ಮರೆಯಲಾರದ್ದು. ಮರದ ಅಡ್ಡೆಯ ಬೆಂಕಿ ಆರಿಸುತ್ತಿದ್ದಾಗ ಪಕ್ಕದ ಸರ್ಕಾರಿ ಉಗ್ರಾಣದಲ್ಲಿದ್ದ ಸ್ಫೋಟಕ ಸಿಡಿದು 36 ಸ್ವಯಂಸೇವಕರು ಸತ್ತರು.

ಬಂಡಿ, ಸಲಕರಣೆಗಳಿಗೆ ಸರ್ಕಾರ ಹಣ ಕೊಡುತ್ತದೆ. ಸಾಲದ್ದನ್ನು ಬೀದಿಯಲ್ಲಿ ಡಬ್ಬಿ ಹಿಡಿದು ಎತ್ತುತ್ತಾರೆ. ಜನ ನಂಬಿ ಹಾಕುತ್ತಾರೆ. ಆ ನಂಬಿಕೆಗೂ ಪೆಟ್ಟು ಬಿದ್ದಿದೆ. 2024ರ ಫೆಬ್ರವರಿಯಲ್ಲಿ ವಾಲ್ಪರೈಸೊ ಸೀಮೆಯ ಕಾಡ್ಗಿಚ್ಚು 130ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬೆಂಕಿ ಇಟ್ಟ ಆರೋಪದ ಮೇಲೆ ಬಂಧಿತರಾದವರಲ್ಲಿ ದಳದ ಸ್ವಯಂಸೇವಕನೊಬ್ಬನೂ ಇದ್ದ.

ಸಂಬಳದವರನ್ನು ನೇಮಿಸಿದರೆ ಲೋಪಕ್ಕೆ ಯಾರು ಹೊಣೆ ಎಂಬುದು ಸ್ಪಷ್ಟವಾದೀತು. ಆದರೆ ಒಂದೂಮುಕ್ಕಾಲು ಶತಮಾನ ಈ ದಳವನ್ನು ಉಳಿಸಿದ್ದು ಬರೀ ಪರೋಪಕಾರದ ಬುದ್ಧಿಯಲ್ಲ. ಚಂದಾ, ಮತ, ಮನೆತನದ ನಂಟುಗಳಿಂದ ಬಂದ ‘ಇದು ನಮ್ಮದು’ ಎಂಬ ಹಕ್ಕು. ಸಂಬಳ ಕೊಡಹೊರಟವರು ಮೊದಲು ಆ ಹಕ್ಕಿಗೆ ಬದಲೇನು ಕೊಡುತ್ತೇವೆಂದು ಹೇಳಬೇಕಾಗುತ್ತದೆ.