ವಾಷಿಂಗ್ಟನ್ನಿನ ಡನ್‌ಬಾರ್ ಹೈಸ್ಕೂಲು: ಒಂದು ಸರ್ಕಾರಿ ಶಾಲೆಯ ಚರಿತ್ರೆ



ಸರ್ಕಾರಿ ಹೈಸ್ಕೂಲಿನಲ್ಲಿ ಓದಿದ ಮಗು ಎಷ್ಟು ದೂರ ಹೋಗಬಲ್ಲದು? ಅರ್ಜಿ ತುಂಬಲು ಬರುವ ತಂದೆ ತಾಯಿಯರೂ ಇದನ್ನು ಕೇಳುತ್ತಾರೆ, ಹಣ ಕೊಡುವವರೂ ಕೇಳುತ್ತಾರೆ. ಈ ಪ್ರಶ್ನೆಗೆ ಬಹಳಷ್ಟು ಬೆಳಕು ಬೀರುವ ಒಂದು ಶಾಲೆಯ ವಿವರವನ್ನು ಈ ಪುಟಗಳಲ್ಲಿ ಕೊಡುತ್ತಿದ್ದೇವೆ. ಅದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದ್ದು. ದೂರದ ಊರಿನದಾದರೂ ಅದರ ಕಷ್ಟಸುಖ ನಮ್ಮ ಓದುಗರಿಗೆ ಅಪರಿಚಿತವೆನಿಸದು.

ಆ ನಗರದಲ್ಲಿ ಗುಲಾಮಗಿರಿ ರದ್ದಾದದ್ದು 1862ರಲ್ಲಿ. ಎಂಟೇ ವರ್ಷಗಳ ನಂತರ, 1870ರಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಜನಾಂಗದ ಮಕ್ಕಳಿಗಾಗಿ ಪ್ರೌಢಶಾಲೆ ಆರಂಭವಾಯಿತು. ಅಮೆರಿಕದಲ್ಲಿ ಈ ಮಕ್ಕಳಿಗೆಂದು ತೆರೆದ ಮೊದಲ ಸಾರ್ವಜನಿಕ ಹೈಸ್ಕೂಲು ಅದೇ. ಬಿಳಿಯರ ಶಾಲೆಗೆ ಅವರಿಗೆ ಪ್ರವೇಶವಿರಲಿಲ್ಲ. 1891ರಲ್ಲಿ ಶಾಲೆಗೆ ಎಂ ಸ್ಟ್ರೀಟ್‌ನಲ್ಲಿ ಸ್ವಂತ ಕಟ್ಟಡವಾಗಿ, ಆ ಬೀದಿಯ ಹೆಸರೇ ಶಾಲೆಗೂ ಬಂತು. 1916ರಲ್ಲಿ ಮತ್ತೊಂದು ದೊಡ್ಡ ಕಟ್ಟಡಕ್ಕೆ ಹೋದಾಗ ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಅವರ ಹೆಸರಿಟ್ಟರು.

ಈ ಶಾಲೆಯ ನಿಜವಾದ ಆಸ್ತಿ ಅದರ ಶಿಕ್ಷಕರು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿದ ಕಪ್ಪು ಪದವೀಧರರಿಗೆ ಬೇರೆ ಕಡೆ ಕೆಲಸ ಸಿಗುತ್ತಿರಲಿಲ್ಲ. ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಬೇಕಾದವರು ಹೈಸ್ಕೂಲಿನ ಮಕ್ಕಳ ಮುಂದೆ ನಿಂತರು. ಆರಂಭದ ಮುಖ್ಯಸ್ಥರಲ್ಲಿ ಮೇರಿ ಜೇನ್ ಪ್ಯಾಟರ್ಸನ್ 1862ರಲ್ಲೇ ಬಿ.ಎ. ಮುಗಿಸಿದ್ದವರು, ರಿಚರ್ಡ್ ಗ್ರೀನರ್ ಹಾರ್ವರ್ಡ್ ಕಾಲೇಜಿನ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ. ಇತಿಹಾಸಕಾರ ಕಾರ್ಟರ್ ವುಡ್ಸನ್, ಕಾದಂಬರಿಕಾರ್ತಿ ಜೆಸ್ಸಿ ಫಾಸೆಟ್ ಇಬ್ಬರೂ ಇಲ್ಲಿ ಪಾಠ ಹೇಳಿದರು. ಮಕ್ಕಳಿಗೆ ಇದರಿಂದ ಲಾಭವಾಯಿತು, ನಿಜ. ಆದರೆ ಆ ಲಾಭದ ಹಿಂದೆ ಶಿಕ್ಷಕರಿಗೆ ಆದ ಅನ್ಯಾಯವಿತ್ತು ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಪಠ್ಯಕ್ರಮ ಗಟ್ಟಿಯಾಗಿತ್ತು: ಲ್ಯಾಟಿನ್, ಗಣಿತ, ಇತಿಹಾಸ, ವಿಜ್ಞಾನ, ಇಂಗ್ಲಿಷ್ ಸಾಹಿತ್ಯ. ಇದಕ್ಕಾಗಿ ಜಗಳವೂ ನಡೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಕಪ್ಪು ಮಕ್ಕಳಿಗೆ ಕೈಕಸುಬು ಕಲಿಸಿದರೆ ಸಾಕು, ಲ್ಯಾಟಿನ್ ಏಕೆ ಎಂಬ ಅಭಿಪ್ರಾಯ ಬಲವಾಗಿತ್ತು. 1902ರಲ್ಲಿ ಮುಖ್ಯೋಪಾಧ್ಯಾಯಿನಿಯಾದ ಅನ್ನಾ ಜೂಲಿಯಾ ಕೂಪರ್ ಇದಕ್ಕೆ ಒಪ್ಪಲಿಲ್ಲ. ಅವರು ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಓದಿ ಮೇಲೆ ಬಂದವರು. ತಮ್ಮ ವಿದ್ಯಾರ್ಥಿಗಳನ್ನು ದೇಶದ ಉತ್ತಮ ಕಾಲೇಜುಗಳಿಗೆ ಸಿದ್ಧಗೊಳಿಸಿದರು. ಶಿಕ್ಷಣ ಮಂಡಳಿಯೊಂದಿಗೆ ವಿವಾದ ಬೆಳೆದು 1906ರಲ್ಲಿ ಹುದ್ದೆ ಕಳೆದುಕೊಂಡರು. 1910ರಲ್ಲಿ ಅದೇ ಶಾಲೆಗೆ ಸಾಧಾರಣ ಲ್ಯಾಟಿನ್ ಶಿಕ್ಷಕಿಯಾಗಿ ಮರಳಿದರು. ಪಾಠ ಮಾಡುತ್ತಲೇ ಸಂಶೋಧನೆ ನಡೆಸಿ, ಅರವತ್ತು ದಾಟಿದ ಮೇಲೆ, 1925ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಕಸುಬು ಕಲಿಯುವುದು ಕೀಳು ಎಂದು ನಾವು ಹೇಳುವುದಿಲ್ಲ. ಆದರೆ ಇಂಥ ಮನೆಯ ಮಗುವಿಗೆ ಇಷ್ಟೇ ಸಾಕು ಎಂದು ಬೇರೆಯವರು ಮೊದಲೇ ತೀರ್ಮಾನಿಸುವುದನ್ನು ಆಕೆ ವಿರೋಧಿಸಿದರು. ಆ ಪಕ್ಷದಲ್ಲೇ ನಾವೂ ಇದ್ದೇವೆ.

ಪಾಠದ ಹೊರಗೂ ಶಾಲೆ ಚುರುಕಾಗಿತ್ತು. ಕೆಡೆಟ್ ದಳದ ವಾರ್ಷಿಕ ಕವಾಯತು ಸ್ಪರ್ಧೆ ಊರಿನ ಕಪ್ಪು ಸಮುದಾಯಕ್ಕೆಲ್ಲ ಹಬ್ಬದಂತಿತ್ತು. ಶಿಕ್ಷಕಿ ಮೇರಿ ಬರಿಲ್ ವಿದ್ಯಾರ್ಥಿಗಳಿಗೆ ನಾಟಕದ ರುಚಿ ಹತ್ತಿಸಿದರು. ಅವರ ಶಿಷ್ಯ ವಿಲ್ಲಿಸ್ ರಿಚರ್ಡ್‌ಸನ್ ಬರೆದ ನಾಟಕ 1923ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ಹೋಯಿತು. ಆಟೋಟವೂ ಕಡಿಮೆಯಿರಲಿಲ್ಲ. ಕಾರ್ಪೆಟ್ ಹಾಸುವ ಕೆಲಸಗಾರರೊಬ್ಬರ ಮಗ ಚಾರ್ಲ್ಸ್ ಡ್ರೂ ಇಲ್ಲಿನ ಹೆಸರಾಂತ ಕ್ರೀಡಾಪಟು. ಆಟದ ಬಲದಿಂದ ವಿದ್ಯಾರ್ಥಿವೇತನ ಪಡೆದು ಆಮ್ಹರ್ಸ್ಟ್ ಕಾಲೇಜು ಸೇರಿದ ಆತ ಮುಂದೆ ವೈದ್ಯರಾಗಿ, ರಕ್ತದ ಪ್ಲಾಸ್ಮಾ ಶೇಖರಿಸುವ ವಿಧಾನದಲ್ಲಿ ಮಹತ್ವದ ಕೆಲಸ ಮಾಡಿದರು.

ಮ್ಯಾಸಚೂಸೆಟ್ಸ್ ರಾಜ್ಯದ ಈ ಆಮ್ಹರ್ಸ್ಟ್ ಕಾಲೇಜಿನ ಹೆಸರನ್ನು ಸ್ವಲ್ಪ ಗಮನಿಸಬೇಕು. ಈ ಶಾಲೆಯ ಚಾರ್ಲ್ಸ್ ಹೂಸ್ಟನ್ 1915ರಲ್ಲಿ ಅಲ್ಲಿ ಪದವಿ ಪಡೆದರು. 1925ರಲ್ಲಿ ವಿಲಿಯಂ ಹೇಸ್ಟಿ ಮತ್ತು ಮೊಂಟಾಗ್ಯು ಕಾಬ್, 1926ರಲ್ಲಿ ಡ್ರೂ. ಎಲ್ಲರೂ ಒಂದೇ ಹೈಸ್ಕೂಲಿನವರು. ಒಬ್ಬ ಹೋಗಿ ದಾರಿ ಮಾಡಿದರೆ ಹಿಂದಿನವರಿಗೆ ಆ ಕಾಲೇಜಿನ ಬಾಗಿಲು ಎಲ್ಲಿದೆ ಎಂದಾದರೂ ತಿಳಿಯುತ್ತದೆ. ಬಡ ಮನೆಗಳಲ್ಲಿ ಎಷ್ಟೋ ಸಲ ಹಣಕ್ಕಿಂತ ಮೊದಲು ಈ ತಿಳಿವಳಿಕೆಯೇ ಇರುವುದಿಲ್ಲ.

ಹೂಸ್ಟನ್ ವಕೀಲರಾದರು. ವಾಷಿಂಗ್ಟನ್ನಿನ ಪೋಷಕರ ಗುಂಪೊಂದು ತಮ್ಮ ಮಕ್ಕಳಿಗೆ ಸರಿಯಾದ ಶಾಲೆ ಬೇಕೆಂದು ಹೋರಾಟಕ್ಕೆ ಇಳಿದಾಗ ಅವರ ಪರ ನಿಂತರು. ಆ ಗುಂಪಿನ ಮುಂದಾಳು ಗಾರ್ಡ್ನರ್ ಬಿಷಪ್ ಎಂಬ ಕ್ಷೌರಿಕರು. ಹೂಸ್ಟನ್ ಕಾಯಿಲೆ ಬಿದ್ದು ಕೆಲಸವನ್ನು ಜೇಮ್ಸ್ ನ್ಯಾಬ್ರಿಟ್ ಅವರಿಗೆ ಒಪ್ಪಿಸಿ, 1950ರಲ್ಲಿ ತೀರಿಕೊಂಡರು. 1954ರಲ್ಲಿ ಸುಪ್ರೀಂ ಕೋರ್ಟು ರಾಜಧಾನಿಯ ಶಾಲೆಗಳಲ್ಲಿ ಬಣ್ಣದ ಭೇದ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು.

ತೀರ್ಪಿನ ನಂತರ ಡನ್‌ಬಾರ್ ಬದಲಾಯಿತು. ಮೊದಲು ಊರಿನ ಎಲ್ಲ ಮೂಲೆಗಳಿಂದ ಓದಿನ ಹಂಬಲವಿದ್ದವರು ಅಲ್ಲಿಗೆ ಬರುತ್ತಿದ್ದರು. ಈಗ ಅದು ಸುತ್ತಲಿನ ಬಡಾವಣೆಯ ಮಕ್ಕಳ ಶಾಲೆಯಾಯಿತು. ಕಲಿತ ಶಿಕ್ಷಕರಿಗೂ ಬೇರೆ ಬಾಗಿಲುಗಳು ತೆರೆದವು. ಹಳೆಯ ಹೆಸರು ಉಳಿಯಿತು, ಹಳೆಯ ಫಲಿತಾಂಶ ಉಳಿಯಲಿಲ್ಲ. ಇದನ್ನು ನೋಡಿ ಭೇದವಿದ್ದ ಕಾಲವೇ ಚೆನ್ನಾಗಿತ್ತು ಎನ್ನುವವರಿದ್ದಾರೆ. ನಮಗೆ ಅದು ಸರಿಯಾಗಿ ಕಾಣುವುದಿಲ್ಲ. ಒಳ್ಳೆಯ ಶಿಕ್ಷಕರು, ಕಠಿಣ ಪಾಠ, ದಾರಿ ತೋರುವ ಹಿರಿಯ ವಿದ್ಯಾರ್ಥಿಗಳು: ಶಾಲೆ ನಿಂತದ್ದು ಇವುಗಳ ಮೇಲೆ. ಇವನ್ನು ಒದಗಿಸಲು ಯಾರನ್ನೂ ಬೇರ್ಪಡಿಸಬೇಕಾಗಿಲ್ಲ.

1916ರ ಕಟ್ಟಡವನ್ನು 1970ರ ದಶಕದಲ್ಲಿ ಕೆಡವಿದರು. ಈಗಿನ ಕಟ್ಟಡ ತೆರೆದದ್ದು 2013ರಲ್ಲಿ. ಅದರ ನೆಲದಲ್ಲಿ ಹೆಸರಾಂತ ಹಳೆಯ ವಿದ್ಯಾರ್ಥಿಗಳ ಹೆಸರಿನ ಫಲಕಗಳಿವೆ. ಮುಂದೆ ಬರುವವರಿಗಾಗಿ ಕೆಲವನ್ನು ಖಾಲಿ ಬಿಟ್ಟಿದ್ದಾರೆ.

ನಮ್ಮ ವಿದ್ಯಾರ್ಥಿವೇತನ ಪಡೆದು ಈಗ ಕಾಲೇಜಿನಲ್ಲಿರುವವರು ತಾವು ಯಾವ ಕಾಲೇಜಿಗೆ, ಯಾವ ಪರೀಕ್ಷೆ ಬರೆದು, ಎಷ್ಟು ಖರ್ಚಿನಲ್ಲಿ ಸೇರಿದೆವೆಂದು ಒಂದು ಪುಟ ಬರೆದು ಕಚೇರಿಗೆ ತಲುಪಿಸಬೇಕೆಂದು ಕೋರುತ್ತೇವೆ. ಈ ಸಾಲಿನ ಅರ್ಜಿದಾರರು ಅವನ್ನು ಕಚೇರಿಯಲ್ಲಿ ಓದಬಹುದು.