ಪರಮವೀರ ಚಕ್ರ

ಶತ್ರುವಿನ ಎದುರು ನೆಲ, ಜಲ, ಆಕಾಶಗಳಲ್ಲಿ ಎಲ್ಲಿಯೇ ಆಗಲಿ ತೋರಿದ ಅತಿಶಯ ಶೌರ್ಯಕ್ಕೆ ಅಥವಾ ಆತ್ಮಾರ್ಪಣೆಗೆ ಭಾರತ ಗಣರಾಜ್ಯ ಸಲ್ಲಿಸುವ ಅತ್ಯುನ್ನತ ಪದಕ ಪರಮವೀರ ಚಕ್ರ. 1950ರ ಜನವರಿ 26ರಂದು ಇದು ಸ್ಥಾಪನೆಗೊಂಡಿತಾದರೂ 1947ರ ಆಗಸ್ಟ್ 15ರಿಂದಲೇ ಅನ್ವಯಿಸುವಂತೆ ಆದೇಶ ಹೊರಟಿದ್ದರಿಂದ, ಸ್ವಾತಂತ್ರ್ಯ ಬಂದ ಕೆಲವೇ ವಾರಗಳಲ್ಲಿ ಕಾಶ್ಮೀರದಲ್ಲಿ ಕಾದಾಡಿದವರ ಸಾಹಸವೂ ಇದರ ವ್ಯಾಪ್ತಿಗೆ ಬಂದಿತು. ಇದರ ಕೆಳಗಿನ ಎರಡು ಮೆಟ್ಟಿಲುಗಳು ಮಹಾವೀರ ಚಕ್ರ ಮತ್ತು ವೀರ ಚಕ್ರ. ರಣರಂಗದ ಹೊರಗೆ ತೋರಿದ ಶೌರ್ಯಕ್ಕೆ ಅಶೋಕ ಚಕ್ರದ ಸಾಲು ಬೇರೆಯೇ ಇದ್ದು, 2008ರ ಮುಂಬೈ ದಾಳಿಯಲ್ಲಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಮರಣೋತ್ತರವಾಗಿ, ಅಂದರೆ ಮರಣಾನಂತರದ ಗೌರವವಾಗಿ, ಸಂದದ್ದು ಆ ಸಾಲಿನ ಅತ್ಯುನ್ನತ ಪದಕವಾದ ಅಶೋಕ ಚಕ್ರ.

ಪದಕದ ವಿನ್ಯಾಸ ಮಾಡಿದವರು ಸಾವಿತ್ರಿಬಾಯಿ ಖಾನೋಲ್ಕರ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿ ವಿಕ್ರಮ ಖಾನೋಲ್ಕರ್ ಅವರ ಕೈಹಿಡಿದು ಈ ದೇಶದವರೇ ಆದ ಅವರು ಸಂಸ್ಕೃತ ಕಲಿತಿದ್ದರು, ಪುರಾಣಗಳನ್ನು ಆಳವಾಗಿ ಓದಿಕೊಂಡಿದ್ದರು. ವೃತ್ರಾಸುರನನ್ನು ಕೊಲ್ಲಬಲ್ಲ ಆಯುಧ ದೇವತೆಗಳಿಗೆ ಬೇಕಾದಾಗ ದಧೀಚಿ ಮಹರ್ಷಿ ದೇಹತ್ಯಾಗ ಮಾಡಿ ತನ್ನ ಮೂಳೆಗಳನ್ನೇ ಕೊಟ್ಟನೆಂಬ, ಅವುಗಳಿಂದ ಇಂದ್ರನ ವಜ್ರಾಯುಧ ಸಿದ್ಧವಾಯಿತೆಂಬ ಕಥೆಯನ್ನು ಅವರು ಆರಿಸಿಕೊಂಡದ್ದು ಅರ್ಥಪೂರ್ಣವಾದ ಆಯ್ಕೆ. ಸುಮಾರು ಮೂರೂವರೆ ಸೆಂಟಿಮೀಟರ್ ಅಡ್ಡಳತೆಯ ಕಂಚಿನ ಬಿಲ್ಲೆಯ ನಡುವೆ ರಾಷ್ಟ್ರಲಾಂಛನ, ಅದರ ಸುತ್ತ ನಾಲ್ಕು ವಜ್ರಾಯುಧಗಳು, ಹಿಂಬದಿಯಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪದಕದ ಹೆಸರು, ಅವುಗಳ ನಡುವೆ ಎರಡು ಕಮಲಗಳು. ತೂಗುಹಾಕುವ ಪಟ್ಟಿ ಯಾವ ಗೆರೆಯೂ ಇಲ್ಲದ ನೇರಳೆ ಬಣ್ಣದ್ದು. ಚಿನ್ನವಿಲ್ಲ, ಬೆಳ್ಳಿಯಿಲ್ಲ. 1947ರ ನವೆಂಬರ್ 3ರಂದು ಶ್ರೀನಗರದ ಬಳಿಯ ಬಡಗಾಮಿನಲ್ಲಿ ಮಡಿದು ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದ ಮೇಜರ್ ಸೋಮನಾಥ ಶರ್ಮಾ, ಸಾವಿತ್ರಿಬಾಯಿಯವರ ಅಳಿಯನ ಅಣ್ಣ.

ಶೌರ್ಯವೆಂದರೆ ಶತ್ರುಗಳನ್ನು ಕೊಲ್ಲುವುದಷ್ಟೇ ಎಂಬ ತಿಳಿವಳಿಕೆ ಅಪೂರ್ಣವೆಂಬುದಕ್ಕೆ ಕನ್ನಡ ನಾಡಿನಲ್ಲಿ ಹುಟ್ಟಿದ ಪರಮವೀರನೇ ಸಾಕ್ಷಿ. ಉತ್ತರ ಕನ್ನಡ ಜಿಲ್ಲೆಯ ಕಾರವಾರದ ಬಳಿಯ ಚೆಂಡಿಯಾದಲ್ಲಿ 1918ರಲ್ಲಿ ಜನಿಸಿದ ರಾಮ ರಾಘೋಬಾ ರಾಣೆ ಬಾಂಬೆ ಸ್ಯಾಪರ್ಸ್ ದಳಕ್ಕೆ ಸೇರಿದವರು. ಸ್ಯಾಪರ್ ಎಂದರೆ ಸೇನೆ ಸಾಗಲು ರಸ್ತೆ, ಸೇತುವೆ ಕಟ್ಟುವ, ಶತ್ರು ಹೂತಿಟ್ಟ ನೆಲಬಾಂಬುಗಳನ್ನು ತೆಗೆಯುವ ಸೈನಿಕ. 1948ರ ಏಪ್ರಿಲಿನಲ್ಲಿ, ಕಾಶ್ಮೀರದ ಅದೇ ಯುದ್ಧದಲ್ಲಿ, ನೌಶೇರಾದಿಂದ ರಾಜೌರಿಯ ಕಡೆಗೆ ಟ್ಯಾಂಕುಗಳು ಹೊರಟಾಗ ದಾರಿಯುದ್ದಕ್ಕೂ ನೆಲಬಾಂಬುಗಳಿದ್ದವು, ಕಡಿದು ಕೆಡವಿದ ಪೈನ್ ಮರಗಳು ಅಡ್ಡ ಬಿದ್ದಿದ್ದವು, ಗುಡ್ಡಗಳ ಮೇಲಿನಿಂದ ಶತ್ರುಗಳ ಮೆಷಿನ್‌ಗನ್ನುಗಳು ಗುಂಡಿನ ಮಳೆಗರೆಯುತ್ತಿದ್ದವು. ಏಪ್ರಿಲ್ 8ರಂದು ಕೆಲಸಕ್ಕೆ ತೊಡಗುತ್ತಿದ್ದಂತೆಯೇ ಬಿದ್ದ ಶೆಲ್ಲುಗಳಿಂದ ರಾಣೆಯವರ ತಂಡದ ಇಬ್ಬರು ಸತ್ತು ಐವರು ಗಾಯಗೊಂಡರು. ಆ ಗಾಯಾಳುಗಳಲ್ಲಿ ಅವರೂ ಒಬ್ಬರು. ಆದರೂ ಉಳಿದವರನ್ನು ಒಟ್ಟುಗೂಡಿಸಿ ಕೆಲಸ ಮುಂದುವರಿಸಿದ ಅವರು, ಟ್ಯಾಂಕಿನ ಅಡಿಯಲ್ಲೇ ಅದರೊಂದಿಗೆ ತೆವಳುತ್ತ, ಹಗ್ಗ ಜಗ್ಗಿ ಮೇಲಿದ್ದ ಚಾಲಕನಿಗೆ ನಿಲ್ಲುವ, ಸಾಗುವ ಸೂಚನೆ ಕೊಡುತ್ತ ನೆಲಬಾಂಬುಗಳ ನಡುವೆ ದಾರಿ ಬಿಡಿಸಿದರು. ಏಪ್ರಿಲ್ 10ರಂದು ಬೆಳಗಿನ ಜಾವ ಐದಕ್ಕೂ ಮೊದಲೇ ಮತ್ತೆ ಕೆಲಸ ಹಿಡಿದು, 11ರ ರಾತ್ರಿ ಹತ್ತರವರೆಗೂ ದುಡಿದು ದಾರಿಯ ನಡುವಿನ ಚಿಂಗಸ್‌ವರೆಗಿನ ಮತ್ತು ಅದರಾಚೆಗಿನ ರಸ್ತೆಯನ್ನು ತೆರವುಗೊಳಿಸಿದರು. ಸೇನೆ ರಾಜೌರಿ ತಲುಪಿದ್ದು ಈ ದಾರಿಯಿಂದಲೇ. ಈ ನಾಲ್ಕು ದಿನಗಳಲ್ಲಿ ಅವರ ಕೈಯಲ್ಲಿ ಬಂದೂಕಿಗಿಂತ ಹೆಚ್ಚಾಗಿ ಇದ್ದದ್ದು ಬಾಂಬು ಬಿಡಿಸುವ ಸಲಕರಣೆ ಎಂಬುದನ್ನು ಒತ್ತಿ ಹೇಳಬೇಕು.

ಇದುವರೆಗೆ ಪರಮವೀರ ಚಕ್ರ ಸಂದಿರುವುದು ಕೇವಲ 21 ಮಂದಿಗೆ, ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ. ಇಪ್ಪತ್ತು ಪದಕಗಳು ಭೂಸೇನೆಗೆ ಬಂದಿದ್ದು, ವಾಯುಪಡೆಯಿಂದ ಇದನ್ನು ಪಡೆದವರು 1971ರಲ್ಲಿ ಶ್ರೀನಗರದ ಆಕಾಶದಲ್ಲಿ ಕಾದಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬರೇ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾಗವಾಗಿ ದೂರದ ಕಾಂಗೋದಲ್ಲಿ 1961ರಲ್ಲಿ ಪ್ರಾಣ ಕೊಟ್ಟ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರೂ ಈ ಪಟ್ಟಿಯಲ್ಲಿದ್ದಾರೆ. ಪದಕದ ನಿಯಮ ಹುದ್ದೆಯನ್ನು ನೋಡುವುದಿಲ್ಲ. ಸೇನೆಯ ಆಜ್ಞೆಯಡಿ ದುಡಿಯುವ ದಾದಿಯರೂ ನಾಗರಿಕರೂ ಇದಕ್ಕೆ ಅರ್ಹರು.

ಬದುಕಿದ್ದಾಗಲೇ ಈ ಗೌರವ ಪಡೆದ ಏಳು ಮಂದಿಯಲ್ಲಿ ರಾಣೆಯವರೂ ಒಬ್ಬರಾಗಿದ್ದು, 1994ರಲ್ಲಿ ತೀರಿಕೊಂಡರು. 2023ರ ಜನವರಿಯಲ್ಲಿ ಅಂಡಮಾನ್ ನಿಕೋಬಾರಿನ ಹೆಸರಿಲ್ಲದ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಒಂದು ದ್ವೀಪಕ್ಕೆ ಅವರ ಹೆಸರೂ ಬಂದಿತು. ಕಾರವಾರದ ಕಡಲತೀರದಲ್ಲಿ, ಯುದ್ಧನೌಕೆ ವಸ್ತುಸಂಗ್ರಹಾಲಯದ ಬಳಿ ಅವರ ಪ್ರತಿಮೆಯಿದೆ. ಅಲ್ಲಿಗೆ ಹೋಗುವ ಓದುಗರು ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ನೌಶೇರಾದ ಆ ದಾರಿಯ ಕಥೆಯನ್ನು ಹೇಳಬೇಕು.